ಒಂದು ಚುಕ್ಕಿ, ಒಂದು ಇಂಟು

ಹನ್ನೊಂದು ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ಮೇಷ್ಟ್ರು ಆ ದಿನ ಬೋರ್ಡಿನ ಮೇಲೆ ತಪ್ಪು ಬರೆದರು.

ಹಿಂದಿನ ಸಿಂಕಿನಲ್ಲಿ ಟೆಸ್ಟ್‌ಟ್ಯೂಬ್ ತೊಳೆಯುತ್ತಿದ್ದ ಲ್ಯಾಬ್ ಅಸಿಸ್ಟೆಂಟ್ ಕತ್ತೆತ್ತಿ ನೋಡಿದಳು. ಎಲೆಕ್ಟ್ರಾನುಗಳ ಲೆಕ್ಕಕ್ಕೆ ಹೈಡ್ರೋಜನ್ನಿಗೆ ಒಂದು ಚುಕ್ಕಿ, ಕ್ಲೋರಿನ್ನಿಗೆ ಏಳು ಇಂಟು ಗುರುತು. ಎರಡೂ ಒಂದೊಂದು ಎಲೆಕ್ಟ್ರಾನ್ ತಂದು ನಡುವೆ ಇಟ್ಟು, ಆ ಜೋಡಿಯನ್ನು ಹಂಚಿಕೊಳ್ಳಬೇಕು. ಇವರೋ, ಚುಕ್ಕಿಯನ್ನು ಪೂರ್ತಿ ಕ್ಲೋರಿನ್ನಿಗೇ ಕೊಟ್ಟು, ಪಾಪದ ಹೈಡ್ರೋಜನ್ನನ್ನು ಬರಿಗೈಯಲ್ಲಿ ನಿಲ್ಲಿಸಿದ್ದರು.

ಮರೆವೋ? ಇಲ್ಲ, ತನಗೇ ಏನೋ ಹೇಳಲು ಬರೆದದ್ದೋ? ಅವಳ ತಲೆ ಕಲಸುಮೇಲೋಗರವಾಯಿತು.

ಎರಡು ವರ್ಷ ಈ ಲ್ಯಾಬಿನಲ್ಲಿ ಕಣ್ಣಲ್ಲೇ ಮಾತಾಡಿಕೊಂಡವರು. ನಿನ್ನೆ ಮೇಷ್ಟ್ರ ತಾಯಿ ಮದುವೆ ಮಾತಿಗೆ ಅವಳ ಮನೆಗೆ ಬಂದು, ನಗುನಗುತ್ತಲೇ ಕೇಳಿದ್ದರು: "ಆಮೇಲೆ ಕೆಲಸ ಬಿಡ್ತೀಯಲ್ಲಮ್ಮಾ?" ಪಕ್ಕದಲ್ಲೇ ಇದ್ದ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡು ನೆಲ ನೋಡುತ್ತಿದ್ದರು. ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕು. ಆ ಮನುಷ್ಯನ ಮೇಲೆ ಪ್ರಾಣವೇ ಇಟ್ಟಿದ್ದಳು. ಈ ಲ್ಯಾಬಿನ ಮೇಲೂ.

ಬೆಲ್ ಆಯಿತು. ಮಕ್ಕಳು ಹೋದ ಮೇಲೆ ಅವಳು ಒದ್ದೆ ಕೈಯಲ್ಲೇ ಡಸ್ಟರ್ ಹಿಡಿದಳು.

"ಅಳಿಸಬೇಡಿ, ಮುಂದಿನ ಕ್ಲಾಸಿಗೂ ಬೇಕು."

"ಅವರಿಗೂ ತಪ್ಪೇ ಹೇಳ್ಕೊಡ್ತೀರಾ ಸರ್?"

ಮೇಷ್ಟ್ರು ಬೋರ್ಡ್ ನೋಡಿದರು. ಕಿವಿ ಕೆಂಪಾಯಿತು. "ಛೆ! ಅಮ್ಮ ಕೇಳಿದ್ದೇ ತಲೇಲಿ ಸುತ್ತುತ್ತಿತ್ತು ಕಣ್ರೀ."

"ಆಗ ಯಾಕೆ ಸುಮ್ನಿದ್ರಿ?"

"ನೀವು 'ಬಿಡಲ್ಲ' ಅಂದ್ರೆ ನಿಮ್ಮ ಪರ ನಿಲ್ಲೋಣ ಅಂತಿದ್ದೆ. ನೀವೂ ಮಾತಾಡ್ಲಿಲ್ಲ."

"ನೀವು ಹೇಳ್ತೀರಿ ಅಂತ ನಾನು ಕಾಯ್ತಿದ್ದೆ!"

ನಗಬೇಕೋ ಜಗಳವಾಡಬೇಕೋ ಇಬ್ಬರಿಗೂ ಗೊತ್ತಾಗಲಿಲ್ಲ. ಅವಳು ಚುಕ್ಕಿಯನ್ನೂ ಅದರ ಪಕ್ಕದ ಇಂಟನ್ನೂ ಒರೆಸಿದಳು. ಎರಡು ಪರಮಾಣುಗಳ ನಡುವೆ ಹೊಸ ಚುಕ್ಕಿ ಇಟ್ಟು, ಚಾಕ್‌ಪೀಸ್ ಚಾಚಿದಳು.

"ಕೆಲಸ ಬಿಡಲ್ಲ. ನಿಮ್ಮನ್ನೂ ಬಿಡಲ್ಲ. ಈಗ ನಿಮ್ಮದು ಇಡಿ."

ಮೇಷ್ಟ್ರು ಇಂಟು ಬರೆದರು. ಅವಸರಕ್ಕೆ ಅದು ಸೊಟ್ಟಗಾಯಿತು. "ಈ ಜೋಡಿ ಸ್ವಲ್ಪ ಕ್ಲೋರಿನ್ ಕಡೆಗೇ ವಾಲುತ್ತೆ, ಗೊತ್ತಲ್ವಾ?"

"ವಾಲಲಿ ಬಿಡಿ. ಪೂರ್ತಿ ಕಿತ್ಕೊಳ್ಳಲ್ವಲ್ಲ."

ಅವಳ ಕಣ್ಣು ತಪ್ಪಿಸದೆ ಮೇಷ್ಟ್ರು ಅಲ್ಲೇ ಫೋನ್ ಮಾಡಿದರು. "ಅಮ್ಮಾ, ಅವರು ಕೆಲಸ ಬಿಡಲ್ಲ. ಬಿಡೋದು ನಂಗೂ ಇಷ್ಟ ಇಲ್ಲ." ಸ್ವಲ್ಪ ಹೊತ್ತು ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದು, ದಿಕ್ಕು ತೋಚದವರಂತೆ ಪಿಸುಗುಟ್ಟಿದರು: "ಹಾಗಾದ್ರೆ ಅಡುಗೆ ಯಾರು ಮಾಡ್ತಾರೆ ಅಂತಿದ್ದಾರೆ."

"ಒಂದು ಹೊತ್ತು ನಾನು," ಎಂದು ಅವಳು ಬೋರ್ಡಿನ ಚುಕ್ಕಿಯ ಮೇಲೆ ಬೆರಳಿಟ್ಟಳು. "ಇನ್ನೊಂದು ಹೊತ್ತು?"

ಮೇಷ್ಟ್ರು ತಮ್ಮ ಸೊಟ್ಟ ಇಂಟನ್ನು ನೋಡಿದರು. ಫೋನಿನಿಂದ ಕೈ ತೆಗೆದರು.

"ನಾನು, ಅಮ್ಮಾ. ಹೇಗೆ ಅಂತ ಇವತ್ತೇ ಕಲಿಸ್ಕೊಡು."