ಗುಹೆಯ ಮುಂದೆ ನಿಂತ ಹುಡುಗ

ಗುಹೆಯ ಬಾಗಿಲ ಮುಂದೆ ನೀಲಿ ಅಂಗಿಯ ಹುಡುಗ ಸುಮ್ಮನೆ ನಿಂತುಬಿಟ್ಟ.

"ಅಯ್ಯೋ, ಓಡೋ!" ಎಂದು ಶ್ರಾವಣಿ ಲ್ಯಾಪ್‌ಟಾಪಿಗೆ ಬೈದಳು.

ಹುಡುಗ ಓಡಲಿಲ್ಲ. ಅವನು ವಿಡಿಯೋ ಗೇಮಿನ ಹುಡುಗ. ಅವನಿಗೆ ಬೈಗುಳ ಎಲ್ಲಿ ಕೇಳಿಸೀತು?

ಶ್ರಾವಣಿಯ ಕಣ್ಣು ಉರಿಯುತ್ತಿತ್ತು. ಶುಕ್ರವಾರ ಸಂಜೆ, ಸ್ಕೂಲಿನಿಂದ ಬಂದು ಯೂನಿಫಾರ್ಮ್ ಕೂಡ ಬದಲಾಯಿಸದೆ ಕೂತವಳು. ಇದು ನಾಲ್ಕನೆಯ ವಿಡಿಯೋ. ಪಕ್ಕದ ಮನೆಯ ಹೊಲಿಗೆ ಮಷಿನ್ನು ಬೇರೆ ಗರಗರ ಎಂದು ತಲೆ ತಿನ್ನುತ್ತಿತ್ತು. ಅವಳು ವಿಡಿಯೋ ನಿಲ್ಲಿಸಿ, ಆಕಳಿಸುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದಳು: "ಪವಿತ್ರ. ನಾಲ್ಕನೇ ನಿಮಿಷ. ಸುಮ್ಮನೆ ನಿಂತ. ಟೈಮ್ ವೇಸ್ಟ್."

ಆಮೇಲೆ ವಿಡಿಯೋವನ್ನು ಮುಂದಕ್ಕೆ ಎಳೆದು ನೇರವಾಗಿ ಕೊನೆಗೆ ಹೋದಳು. ಹುಡುಗ ನಿಧಿಯ ಪೆಟ್ಟಿಗೆ ತೆರೆಯುತ್ತಿದ್ದ. ಸರಿ, ಮುಗಿಯಿತು.

ಭಾನುವಾರ ಅವರ ಸ್ಕೂಲಿನ ಹಾಲ್‌ನಲ್ಲಿ ಗೇಮ್ ಮ್ಯಾರಥಾನ್ ಇತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಹಳೆಯ ಗೇಮುಗಳನ್ನು ಬೇಗ ಬೇಗ ಆಡಿ ಮುಗಿಸಬೇಕು. ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುತ್ತಾರೆ, ಯೂಟ್ಯೂಬಿನಲ್ಲಿ ಲೈವ್ ಕೂಡ ಬರುತ್ತದೆ. ಆದರೆ ಆಡುವವರಿಗೂ ಹಸಿವಾಗುತ್ತದಲ್ಲ? ಅದಕ್ಕೇ ಕಂಪ್ಯೂಟರ್ ಕಲಿಸುವ ಲಕ್ಷ್ಮೀನರಸಪ್ಪ ಸರ್ ಊಟದ ಅರ್ಧ ಗಂಟೆಯನ್ನು ಟ್ಯಾಸ್‌ಗೆ ಬಿಟ್ಟಿದ್ದರು.

ಟ್ಯಾಸ್ ಎಂದರೆ ಕೈಯಲ್ಲಿ ಗಡಿಬಿಡಿಯಿಂದ ಆಡುವ ಆಟವಲ್ಲ. ಗೇಮಿನ ಒಂದು ಸೆಕೆಂಡಿನಲ್ಲಿ ಅರವತ್ತು ಚಿತ್ರಗಳಿರುತ್ತವೆ. ಕಂಪ್ಯೂಟರಿನಲ್ಲಿ ಗೇಮನ್ನು ನಿಲ್ಲಿಸಿ ನಿಲ್ಲಿಸಿ, ಒಂದೊಂದು ಚಿತ್ರಕ್ಕೂ ಯಾವ ಬಟನ್ ಎಂದು ಕೂತು ಗುರುತು ಹಾಕಬೇಕು. ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಹಾಕಬೇಕು. ಹೀಗೆ ತಿಂಗಳುಗಟ್ಟಲೆ ಮಾಡಿದ್ದನ್ನು ಒಟ್ಟಿಗೆ ಓಡಿಸಿದರೆ, ಯಾವ ಮನುಷ್ಯನ ಕೈಯೂ ಆಡಲಾರದಷ್ಟು ಫಾಸ್ಟ್! ನೋಡುವವರಿಗೆ ಹತ್ತು ನಿಮಿಷದ ಮಜಾ, ಮಾಡುವವರಿಗೆ ಬೆನ್ನು ನೋವು.

ನಾಲ್ಕು ಮಕ್ಕಳು ಟ್ಯಾಸ್ ಮಾಡಿ ಕೊಟ್ಟಿದ್ದರು. ಅರ್ಧ ಗಂಟೆಯಲ್ಲಿ ಹಿಡಿಸುವುದು ಮೂರೇ. ಆರಿಸುವ ಕೆಲಸ ಶ್ರಾವಣಿಯ ತಲೆಗೆ ಬಂದಿತ್ತು.

"ಸರ್, ಅದರಾಗ ನಂದೂ ಐತ್ರಿ," ಎಂದು ಅವಳು ಮೊದಲೇ ಹೇಳಿದ್ದಳು.

"ಇರ್ಲಿ ಬಿಡಮ್ಮ. ಟ್ಯಾಸ್ ಬಗ್ಗೆ ನಿನಗಿಂತ ಚೆನ್ನಾಗಿ ಇಲ್ಲಿ ಯಾರಿಗ್ ಗೊತ್ತೈತಿ? ನಾಲ್ಕೂ ಪೂರ್ತಿ ನೋಡು. ಶನಿವಾರ ಬೆಳಿಗ್ಗೆ ಲಿಸ್ಟ್ ಕೊಡು," ಎಂದಿದ್ದರು ಸರ್.

ರವಿತೇಜನ ಬೈಕ್ ಗೇಮು ಚೆನ್ನಾಗಿತ್ತು. ತಿರುಮಲೇಶನ ಚೆಂಡಿನ ಗೇಮಂತೂ ಸೂಪರ್. ಉಳಿದದ್ದು ಒಂದು ಜಾಗ. ಅದಕ್ಕೆ ಶ್ರಾವಣಿಯದು ಇಲ್ಲವೇ ಪವಿತ್ರಳದು. ಶ್ರಾವಣಿ ಮಡಕಶಿರಾದ ಅಜ್ಜಿಗೆ ಆಗಲೇ ಫೋನ್ ಮಾಡಿ, ಭಾನುವಾರ ಯೂಟ್ಯೂಬಿನಲ್ಲಿ ನಂದು ಬರ್ತೈತಿ ಅಂದಾಗಿತ್ತು.

ಅವಳು ಮೂರನೆಯ ಸಾಲಿನಲ್ಲಿ ತನ್ನ ಹೆಸರು ಬರೆದಳು.

ಅಷ್ಟರಲ್ಲಿ ಬಾಗಿಲಲ್ಲಿ ಪವಿತ್ರಳೇ ನಿಂತಿದ್ದಳು, ಕೈಯಲ್ಲಿ ಹಾಲಿನ ಪಾತ್ರೆ. ಪವಿತ್ರಳ ಊರು ಅಗಳಿ. ಈ ವರ್ಷವಷ್ಟೇ ರಾಯದುರ್ಗಕ್ಕೆ ಬಂದು, ಇದೇ ಬೀದಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಊಟದ ಬೆಲ್ ಹೊಡೆದ ಕೂಡಲೇ ಗಬಗಬ ತಿಂದು, ಸ್ಕೂಲಿನ ಕಂಪ್ಯೂಟರಿನಲ್ಲಿ ನಾಲ್ಕು ತಿಂಗಳು ಕೂತು ಟ್ಯಾಸ್ ಮಾಡಿದ್ದಳು.

"ನಂದು ಸೇರ್ಸಿದ್ಯಾ?" ಎಂದು ಕೇಳಿದಳು.

"ಇಲ್ಲ ಬಿಡೇ. ನಡುವ ಅವನು ಸುಮ್ಮನ ನಿಂತ್ಬಿಟ್ಟಾನ. ಟ್ಯಾಸ್ ಅಂದ್ರ ಹಂಗ ನಿಲ್ಲಬಾರ್ದು."

"ಪೂರ್ತಿ ನೋಡ್ದ್ಯಾ?"

"ಹೂಂ, ನೋಡಿದೆ."

ಪವಿತ್ರ ಅವಳ ಮುಖವನ್ನೇ ನೋಡಿದಳು. ಹಾಲಿನ ಪಾತ್ರೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡಳು.

"ಆಯ್ತು ಬಿಡು. ಚಿಕ್ಕಮ್ಮ ಕಾಯ್ತಿರ್ತಾಳೆ, ಬತ್ತೀನಿ."

ಜಗಳ ಆಡಿದ್ದರೆ ಶ್ರಾವಣಿಯೂ ಎರಡು ಮಾತು ಆಡಿ ಹಗುರಾಗುತ್ತಿದ್ದಳು. ಪವಿತ್ರ ಹಾಗೆ ಹೊರಟು ಹೋದದ್ದು ಅವಳಿಗೆ ಹಿಡಿಸಲಿಲ್ಲ.

ಆರೂವರೆಗೆ ಅಮ್ಮ ಬಂದಳು. ರಾಮಾಂಜಿನಮ್ಮ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ಹೊಲಿದು ಬಂದ ಪ್ಯಾಂಟುಗಳಲ್ಲಿ ಜಿಪ್ಪು, ಜೇಬು, ಹೊಲಿಗೆ ಎಲ್ಲ ಸರಿ ಇದೆಯೇ ಎಂದು ನೋಡುವುದು. ಸಂಜೆಗೆ ಅವಳ ಬೆರಳ ತುದಿಗಳೆಲ್ಲ ನೀಲಿಯಾಗಿರುತ್ತವೆ. ಬಂದವಳೇ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಶ್ರಾವಣಿ ನೀರು ತಂದು ಕೊಟ್ಟಳು.

"ಕಣ್ಣು ಮುಚ್ಚಿದ್ರೂ ಹೊಲಿಗೀನ ಕಾಣ್ತೈತಿ," ಎಂದಳು ಅಮ್ಮ.

"ನನಗ ಕಣ್ಣು ಮುಚ್ಚಿದ್ರ ಬೈಕ್ ಕಾಣ್ತೈತಿ."

ಇಬ್ಬರಿಗೂ ನಗು ಬಂತು. ಆದರೆ ನಗುವುದಕ್ಕೂ ಸುಸ್ತು.

"ಇನ್ನೂ ಒಂದು ಬಂಡಲ್ ಉಳೀತು," ಎಂದಳು ಅಮ್ಮ.

"ಯಾಕ? ಮುಗಿಸಿ ಬಂದಿದ್ರ ಆಗ್ತಿತ್ತಲ್ಲ?"

"ಐದೂವರಿ ಆದಮ್ಯಾಲ ಬಂದ ಬಂಡಲ್ ನಾವು ಬಿಚ್ಚಂಗಿಲ್ಲ. ಕಟ್ಟಿದ್ದು ಕಟ್ಟಿದಂಗ ಇಟ್ಟು, ಬೆಳಿಗ್ಗೆ ಮೊದಲು ಅದನ್ನ ನೋಡ್ತೀವಿ."

"ಸೂಪರ್‌ವೈಸರ್ ಬೈಯಂಗಿಲ್ಲೇನು?"

"ಬೈತಾನ. ಬೈಲಿ." ಅಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು. "ಹೋದ ವರ್ಷ ಒಂದಿನ ಹಿಂಗ ಸಾಕಾಗಿತ್ತು. ಮೀನಾಕ್ಷಿ ಹೊಲಿದಿದ್ದ ಬಂಡಲ್ ಕೊನೀಗೆ ಬಂತು. ಸೊಂಟದ ಬೆಲ್ಟ್ ಹೊಲಿಗಿ ಸೊಟ್ಟ ಐತಿ ಅಂತ ಇಪ್ಪತ್ತೈದು ಪೀಸೂ ವಾಪಸ್ ಕಳಿಸಿದೆ. ಅಕಿ ಕುಂತು ಎಲ್ಲಾ ಬಿಚ್ಚಿದಳು. ಬಿಚ್ಚಿದಮ್ಯಾಲ ಗೊತ್ತಾತು, ಹೊಲಿಗಿ ಸೊಟ್ಟ ಇರ್ಲಿಲ್ಲ. ನನ್ನ ಕಣ್ಣು ಸೋತಿತ್ತು."

"ಮೀನಾಕ್ಷಿ ಅತ್ತೆ ಏನಂದ್ರು?"

"ಏನೂ ಅನ್ಲಿಲ್ಲ. ಮತ್ತ ಹೊಲಿದಳು." ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ನಿಂದು ಮುಗೀತೇನು? ನಾಲ್ಕೂ ನೋಡಿದ್ಯಾ?"

"ಹೂಂ."

"ಮೊದಲು ಯಾರದು ನೋಡಿದಿ?"

"ನಂದು."

"ಕೊನೀಗೆ?"

"ಪವಿತ್ರಂದು."

ಕೂತಲ್ಲೇ ಅಮ್ಮನಿಗೆ ಜೊಂಪು ಹತ್ತಿತ್ತು. ಶ್ರಾವಣಿ ನೋಟ್‌ಬುಕ್ಕಿನಲ್ಲಿ ತನ್ನ ಹೆಸರನ್ನು ಇನ್ನೊಮ್ಮೆ ನೋಡಿ, ನೋಟ್‌ಬುಕ್ ಮುಚ್ಚಿಟ್ಟಳು.

ಬೆಳಿಗ್ಗೆ ಅಮ್ಮ ತಲೆ ಬಾಚುವಾಗ ಶ್ರಾವಣಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಾಗಿಲಿನಿಂದ ಕೋಟೆಗುಡ್ಡದ ಮೇಲಿನ ಎಳೆ ಬಿಸಿಲು ಕಾಣುತ್ತಿತ್ತು. ಪವಿತ್ರಳ ವಿಡಿಯೋವನ್ನು ಮೊದಲಿನಿಂದ ಹಾಕಿದಳು. ನೀಲಿ ಅಂಗಿಯ ಹುಡುಗ ಓಡಿದ, ಹಾರಿದ, ಹಳ್ಳ ದಾಟಿದ. ನಾಲ್ಕನೇ ನಿಮಿಷಕ್ಕೆ ಗುಹೆಯ ಮುಂದೆ ನಿಂತ.

ಅಮ್ಮನ ಬಾಚಣಿಗೆಯೂ ನಿಂತಿತು. "ಯಾಕ ನಿಂತ ಅವನು?"

"ತಡಿ ಅಮ್ಮ, ನೋಡೋಣ."

ಗುಹೆಯ ಒಳಗೆ ಮೂರು ಬಾವಲಿಗಳು ಕಾಣಿಸಿದವು. ಅವು ದಾರಿಗೆ ಅಡ್ಡವಾಗಿ ಈ ಕಡೆ ಹಾರಿದವು, ಆ ಕಡೆ ಹಾರಿದವು. ಆಮೇಲೆ ಮೂರೂ ಒಟ್ಟಿಗೆ ಎಡಗಡೆಯ ಬಿಲದೊಳಗೆ ಹೋಗಿಬಿಟ್ಟವು. ಆ ಕ್ಷಣಕ್ಕೇ ಹುಡುಗ ಹೊರಟ. ಇಡೀ ಗುಹೆ ಖಾಲಿ! ಒಂದೇ ಓಟಕ್ಕೆ ಆಚೆ ಬದಿಗೆ ಹೋದ.

ಶ್ರಾವಣಿ ಬಾಯಿ ಬಿಟ್ಟುಕೊಂಡು ನೋಡಿದಳು. ಆ ಗೇಮನ್ನು ಅವಳೂ ಆಡಿದ್ದಳು. ಆ ಬಾವಲಿಗಳ ಜೊತೆ ಹೊಡೆದಾಡಿಯೇ ಅರ್ಧ ನಿಮಿಷ ಹೋಗುತ್ತದೆ. ಈ ಹುಡುಗ ಹತ್ತು ಸೆಕೆಂಡ್ ನಿಂತು ಅದರಲ್ಲಿ ಹೆಚ್ಚಿನದನ್ನು ಉಳಿಸಿಕೊಂಡಿದ್ದ. ಅವಳು ಮತ್ತೆ ಹಿಂದಕ್ಕೆ ಹೋಗಿ ನೋಡಿದಳು. ಇನ್ನೊಂದು ಸಲ ನೋಡಿದಳು.

"ನಿನ್ನೆ ಇದನ್ನ ನೋಡ್ಲಿಲ್ಲೇನು?" ಎಂದಳು ಅಮ್ಮ, ಜಡೆ ಹೆಣೆಯುತ್ತಾ.

"ಸುಸ್ತಾಗಿತ್ತಮ್ಮ. ನಿದ್ದಿ ಬಂದಿತ್ತು."

ಅದು ಸುಳ್ಳಲ್ಲ. ಆದರೆ ತನ್ನ ಟ್ಯಾಸನ್ನು ಅವಳು ನಿನ್ನೆ ಮೂರು ಸಲ ನೋಡಿದ್ದಳು. ಆಗ ನಿದ್ದೆ ಬಂದಿರಲಿಲ್ಲ. ಅದು ನೆನಪಾದ ಕೂಡಲೇ ಅವಳ ಮುಖ ಬಿಸಿಯಾಯಿತು. ಅಮ್ಮ ಹಿಂದೆ ಕೂತಿದ್ದಳು, ಸದ್ಯ, ಕಾಣಲಿಲ್ಲ.

ನೋಟ್‌ಬುಕ್ ತೆಗೆದು ಮೂರನೆಯ ಹೆಸರಿನ ಮೇಲೆ ಗೆರೆ ಎಳೆದಳು. ತನ್ನದೂ ಎರಡು ತಿಂಗಳ ಕೆಲಸವೇ. ಅಜ್ಜಿಗೆ ಇನ್ನೊಮ್ಮೆ ಫೋನ್ ಮಾಡಬೇಕು.

ಸ್ಕೂಲಿನ ಗೇಟಿನ ಹತ್ತಿರ ಪವಿತ್ರ ಸಿಕ್ಕಳು.

"ನಿಂದು ಸೇರಿಸೀನಿ," ಎಂದಳು ಶ್ರಾವಣಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಿನ್ನೆ ಪೂರ್ತಿ ನೋಡಿರ್ಲಿಲ್ಲ. ನೋಡೀನಿ ಅಂತ ಸುಳ್ಳು ಹೇಳಿದೆ."

"ಗೊತ್ತಿತ್ತು," ಎಂದಳು ಪವಿತ್ರ.

"ಹೆಂಗ?"

"ನೋಡಿದ್ರೆ ಬಾವಲಿ ವಿಷ್ಯ ಕೇಳ್ತಿದ್ದೆ ನೀನು."

ಶ್ರಾವಣಿ ತಲೆ ತಗ್ಗಿಸಿದಳು. ಆಮೇಲೆ, "ಅವು ಹೆಂಗ ಹೋದ್ವು ಮತ್ತ?" ಎಂದಳು.

"ಒಂದು ಚಿತ್ರ ನಿಂತು ನೋಡ್ದೆ. ಹೋಗ್ಲಿಲ್ಲ. ಎರಡು ನಿಂತೆ, ಮೂರು ನಿಂತೆ. ದಿನಾ ಊಟದ ಹೊತ್ನಾಗೆ ಅದೇ ಕೆಲ್ಸ. ಆರ್ನೂರಾ ಹನ್ನೆರಡು ಚಿತ್ರ ನಿಂತಾಗ ಹೋದ್ವು."

ಭಾನುವಾರ ಮಧ್ಯಾಹ್ನ ಹಾಲ್ ತುಂಬ ಚಿತ್ರಾನ್ನದ ವಾಸನೆ. ಶ್ರಾವಣಿ ಮೈಕ್ ಹಿಡಿದು ಪರದೆಯ ಪಕ್ಕ ನಿಂತಿದ್ದಳು. ಬೈಕ್ ಆಯಿತು, ಚೆಂಡು ಆಯಿತು. ನೀಲಿ ಅಂಗಿಯ ಹುಡುಗ ಓಡುತ್ತಾ ಬಂದು ಗುಹೆಯ ಮುಂದೆ ನಿಂತ.

"ಹ್ಯಾಂಗ್ ಆತು! ಹ್ಯಾಂಗ್ ಆತು!" ಎಂದು ಮಕ್ಕಳು ಕೂಗಿದರು.

"ಹ್ಯಾಂಗ್ ಆಗಿಲ್ಲ, ಕಾಯಾಕತ್ತಾನ!" ಎಂದಳು ಶ್ರಾವಣಿ. ಮುಂದಿನದನ್ನು ತಾನು ಹೇಳುವುದು ಸರಿ ಅನ್ನಿಸಲಿಲ್ಲ. ಮೈಕನ್ನು ಪಕ್ಕದಲ್ಲಿದ್ದ ಪವಿತ್ರಳ ಕೈಗೆ ಕೊಟ್ಟಳು. ಪವಿತ್ರ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ಪರದೆಯ ಮೇಲೆಯೇ ಇತ್ತು.

ಹಿಂದಿನ ಸಾಲಿನಲ್ಲಿ ಅಮ್ಮ, ಇದ್ದ ಒಂದು ರಜೆಯ ದಿನ ಇಲ್ಲಿಗೆ ಬಂದು, ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು.

ಹತ್ತೇ ಸೆಕೆಂಡ್. ಶುಕ್ರವಾರ ತನ್ನಿಂದ ಇಷ್ಟು ಹೊತ್ತು ಕಾಯುವುದಕ್ಕೂ ಆಗಿರಲಿಲ್ಲ ಎಂದುಕೊಂಡಳು ಶ್ರಾವಣಿ. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಒಂಬತ್ತು. ಹತ್ತು.

ಬಾವಲಿಗಳು ದಾರಿ ಬಿಟ್ಟವು.