ಹತ್ತೊಂಬತ್ತನೆಯ ಪದ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಪತ್ರಿಕೆಯಲ್ಲಿ ದಿನಾ ಕೊಡುವ ಏಳು ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವುದು ನಮ್ಮ ದೊಡ್ಡಮ್ಮನ ಹುಚ್ಚಾಗಿತ್ತು. ಪ್ರತಿ ಪದಕ್ಕೂ ಪೆನ್ಸಿಲ್ ಮೊನೆಯನ್ನು ನಾಲಿಗೆಗೆ ತಾಗಿಸಿಯೇ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಹುಚ್ಚು ನನಗೆ ಅಂಟಿತು.

ಮೊನ್ನೆ ಮಧ್ಯಾಹ್ನ ಹದಿನೆಂಟು ಪದ ಬರೆದು, ನೀರು ಕುಡಿದು ಬಂದೆ. ಪಟ್ಟಿಯಲ್ಲಿ ಹತ್ತೊಂಬತ್ತಿದ್ದವು. ಕೊನೆಯದನ್ನು ನಾನು ಕೇಳಿಯೇ ಇರಲಿಲ್ಲ. ನಿಘಂಟಿನಲ್ಲಿ ನೋಡಿದರೆ ಇತ್ತು. ಪೆನ್ಸಿಲ್ ಮೊನೆ ಒದ್ದೆಯಾಗಿತ್ತು. ಮನೆಯಲ್ಲಿ ಇದ್ದದ್ದು ಅಮ್ಮ ಒಬ್ಬಳೇ, ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಅವಳಿಗೆ ಎ, ಬಿ, ಸಿ ಕೂಡ ಬಾರದು.

“ಅಮ್ಮ, ಇಲ್ಲಿಗೆ ಯಾರಾದ್ರೂ ಬಂದಿದ್ರಾ?”

“ಯಾರ್ ಬರ್ತಾರೆ? ಸುಮ್ನೆ ತಲೆ ತಿನ್ಬೇಡ, ಈಗಷ್ಟೇ ಎಚ್ಚರ ಆಯ್ತು.”

ಅಮ್ಮ ಬಾಯಿ ತೆರೆದು ಆಕಳಿಸಿದಳು. ಅವಳ ನಾಲಿಗೆಯ ತುದಿ ಕಪ್ಪಾಗಿತ್ತು.