ಮೂರು ಗೀಟು ವಿಭೂತಿ

“ಇದೇನು ಮಷಿನ್ನೋ, ಗುಜರಿ ಸಾಮಾನೋ?”

ಮೂವತ್ತು ವಿದ್ಯಾರ್ಥಿಗಳ ಮುಂದೆ ಭುವನೇಶ್ವರಿಯ ಬಾಯಿಂದ ಆ ಮಾತು ಬಂದೇಬಿಟ್ಟಿತು. ಲಿಂಗಸುಗೂರಿನ ಕಾಲೇಜಿನಲ್ಲಿ ಆಕೆ ಫಿಸಿಕ್ಸ್ ಮೇಡಂ. ಎದುರಿಗಿದ್ದ ಪಂಪಾಪತಿ ಮಸ್ಕಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವವನು. ಆಕೆ ಕೇಳಿದಳೆಂದೇ ಮೂರು ತಿಂಗಳು ಕೂತು ಆ ಆಂಪ್ಲಿಫೈಯರ್ ಕಟ್ಟಿದ್ದ. ವಿಕಿರಣ ತಾಗಿದ ಗಾಳಿಯಲ್ಲಿ ಹುಟ್ಟುವ, ಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಕರೆಂಟನ್ನೂ ಅದು ಹಿಡಿದು ತೋರಿಸಬೇಕಿತ್ತು. ಆದರೆ ವಿಕಿರಣ ಸೂಸುವ ಗ್ಯಾಸ್‌ಲೈಟಿನ ಮ್ಯಾಂಟಲ್ ಇನ್ನೂ ಕಪಾಟಿನಲ್ಲಿರುವಾಗಲೇ ಮೀಟರಿನ ಮುಳ್ಳು ಕೊನೆ ಮುಟ್ಟಿ ನಿಂತಿತ್ತು.

ಪಂಪಾಪತಿ ಬಗ್ಗಿ ಮಷಿನ್ನಿನ ಹಿಂಬದಿ ನೋಡಿದ. ಆಮೇಲೆ ಆಕೆಯನ್ನು ನೋಡಿದ.

“ತಪ್ಪು ನಂದ ಐತ್ರಿ ಮೇಡಂ,” ಎಂದು ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಎಲ್ಲರೂ ಹೋದ ಮೇಲೆ ಭುವನೇಶ್ವರಿಯೂ ಬಗ್ಗಿ ನೋಡಿದಳು. ತಂತಿ ಒಳಹೋಗುವಲ್ಲಿ, ಕರೆಂಟ್ ಸೋರದಂತೆ ತಡೆಯುವ ಬಿಳಿ ಬಿಲ್ಲೆಯ ಮೇಲೆ, ವಿಭೂತಿಯ ಮೂರು ಗೀಟು. ಅವಳದೇ ಬೆರಳಿನವು! ಆಯುಧ ಪೂಜೆಯ ದಿನ ನೀರಲ್ಲಿ ಕಲಸಿ ಹಚ್ಚಿದ್ದಳು. “ಆ ಬಿಲ್ಲೆ ಮುಟ್ಟಬ್ಯಾಡ್ರಿ, ಒಂದಿಷ್ಟು ಹೊಲಸು ಹತ್ತಿದ್ರೂ ಅದರ ಮ್ಯಾಲೆ ಕರೆಂಟ್ ಸೋರತೈತಿ,” ಎಂದು ಮಷಿನ್ ತಂದಿಟ್ಟಾಗಲೇ ಅವನು ಎರಡು ಸಲ ಹೇಳಿದ್ದ. ಆಗ ಇವಳ ಗಮನವೆಲ್ಲ ಹೇಳುವವನ ಮುಖದ ಮೇಲಿತ್ತು, ಮಾತು ಎಲ್ಲಿ ಕಿವಿಗೆ ಬೀಳಬೇಕು?

ನಾಚಿಕೆಯಿಂದ ಅವಳು ಹಿಡಿಯಷ್ಟಾದಳು. ಒಂದೇ ಮಾತಿನಲ್ಲಿ ಅವನು ಅವಳ ಮಾನ ಕಳೆಯಬಹುದಿತ್ತು. ಬದಲಿಗೆ ತನ್ನದನ್ನೇ ಬಿಟ್ಟುಕೊಟ್ಟು ಹೋದ.

ಮರುದಿನ ಬೆಳಿಗ್ಗೆ ಮಸ್ಕಿ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಅವನು ತಲೆ ಎತ್ತಲಿಲ್ಲ.

“ಕಾಲೇಜಿಗೆ ಬರ್ರಿ,” ಎಂದಳು.

“ಹೋಗ್ಲಿ ಬಿಡ್ರಿ ಮೇಡಂ. ಹುಡುಗ್ರು ಮರತಿರ್ತಾರ.”

“ನಾ ಮರತಿಲ್ಲ. ಮಂದಿ ಮುಂದ ಅಂದೀನಿ, ಮಂದಿ ಮುಂದನ ತಪ್ಪಾತು ಅಂತೀನಿ. ನೀವು ಬರಲಿಲ್ಲಂದ್ರ ಇಲ್ಲೇ ಕುಂದರ್ತೀನಿ ನೋಡ್ರಿ.”

ಅವನು ಅಂಗಡಿಗೆ ಬೀಗ ಹಾಕಿದ.

ಅದೇ ಮೂವತ್ತು ಮಂದಿಯ ಮುಂದೆ ಅವಳು ಆ ಗೀಟು ತೋರಿಸಿದಳು. “ಗುಜರಿ ಅಂದೆ. ಕೆಡಿಸಿದಾಕಿ ನಾನ,” ಎಂದಳು. ಯಾರೂ ನಗಲಿಲ್ಲ. ಪಂಪಾಪತಿ ಹತ್ತಿಗೆ ಸ್ಪಿರಿಟ್ ಹಚ್ಚಿ ಬಿಲ್ಲೆ ಒರೆಸಿ ಆರಲು ಬಿಟ್ಟ. ಮುಳ್ಳು ಸೊನ್ನೆಗೆ ಬಂದು ನಿಂತಿತು. ಮ್ಯಾಂಟಲ್ಲನ್ನು ಮಷಿನ್ನಿಗೆ ಜೋಡಿಸಿದ ತಗಡಿನ ಡಬ್ಬಿಯೊಳಗಿಟ್ಟಾಗ ಮೆಲ್ಲಗೆ ಎದ್ದಿತು. ಹುಡುಗರು ಚಪ್ಪಾಳೆ ತಟ್ಟಿದರು.

ಕ್ಲಾಸು ಖಾಲಿಯಾದ ಮೇಲೆ ಕೇಳಿದಳು: “ನಿನ್ನೆನ ಇದನ್ನ ಒರಸಬಹುದಿತ್ತಲ್ರಿ?”

“ಕೈ ಬರಲಿಲ್ರಿ. ಬ್ಯಾರೆ ಮಷಿನ್ನಿಗೆಲ್ಲ ಒಂದೊಂದ ಗೀಟು ಹಚ್ಚೀರಿ. ನಂದಕ್ಕ ಮೂರು.”

ಇದನ್ನೂ ನೋಡಿಬಿಟ್ಟಿದ್ದಾನೆ! ಭುವನೇಶ್ವರಿ ತಲೆ ತಗ್ಗಿಸಿ ಒಂದು ಹೆಜ್ಜೆ ಹತ್ತಿರ ಬಂದಳು. ಅವಳ ರೇಷ್ಮೆ ಸೆರಗು ಸುಳಿದಾಗ ಅದರ ಸ್ಥಿರವಿದ್ಯುತ್ತಿಗೇ ಮುಳ್ಳು ಜಿಗಿಯಿತು.

“ನೀವು ಹತ್ರ ಬಂದ್ರ ಸಾಕು, ಹಿಂಗ ಜಿಗಿತೈತಿ.”

“ಮುಳ್ಳೇನ್ರಿ?”

“ಮುಳ್ಳೂ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಮತ್ತ ಮುಂದಿನ ಹಬ್ಬಕ್ಕ ವಿಭೂತಿ ಎಲ್ಲಿ ಹಚ್ಚಲಿ?”

ಪಂಪಾಪತಿ ಮಷಿನ್ನಿಗೆ ಮುಚ್ಚಳ ಹಾಕಿದ.

“ನನ್ನ ಹಣಿಗೆ ಹಚ್ರಿ. ಅಲ್ಲಿ ಏನೂ ಸೋರೂದಿಲ್ಲ.”